ತೋಟದ ದಾರಿಗೆ ಜೀಪೋ, ಪಿಕಪ್ಪೋ?

ಕಾಫಿಗೆ ಒಳ್ಳೆ ರೇಟು ಬಂದ ವರ್ಷ ನಮ್ಮ ಕಡೆ ಮೊದಲು ಕಣ ರಿಪೇರಿಯಾಗುತ್ತದೆ, ಆಮೇಲೆ ಅಂಗಳಕ್ಕೆ ಹೊಸ ಗಾಡಿ ಬರುತ್ತದೆ. ಅಂಥ ಒಂದು ಸಂಜೆ ಭಾವ ಫೋನ್ ಮಾಡಿದರು. "ಏನ್ ಮಾರಾಯ, ಥಾರ್ ತಗೊಳ್ಲೋ, ಪಿಕಪ್ ತಗೊಳ್ಲೋ? ನೀನೊಂದು ಹೇಳಿಬಿಡು."

ನಾನು ಎರಡು ಮಾತು ಕೇಳಿದೆ. "ಭಾವ, ಮಳೆಗಾಲದಲ್ಲಿ ನಿಮ್ಮ ಗಾಡಿ ಸಿಕ್ಕಿಹಾಕಿಕೊಳ್ಳೋ ಜಾಗ ಯಾವುದು? ಅತಿ ಹೆಚ್ಚು ಹೊರೋ ದಿನ ಎಷ್ಟು ಮೂಟೆ ಹೊರ್ತೀರಿ?"

ಮೊದಲನೆಯದಕ್ಕೆ ತಕ್ಷಣ ಉತ್ತರ ಬಂತು. ಹಳ್ಳ ದಾಟಿದ ಮೇಲಿನ ಏರು, ಇನ್ನೂರು ಅಡಿ ಇರಬಹುದು. ಎರಡನೆಯದಕ್ಕೆ, "ಅದರ ಲೆಕ್ಕ ಯಾರಿಟ್ಟಿದ್ದಾರೆ" ಎಂದರು.

ನಾನು ಕಂಡ ಬೆಳೆಗಾರರಲ್ಲಿ ಬಹಳ ಜನರ ಸ್ಥಿತಿ ಇದೇ. ದಾರಿಯ ಕಷ್ಟ ಮೈಮೇಲೆ ಬರುವುದರಿಂದ ನೆನಪಿರುತ್ತದೆ. ತೂಕದ ಕಷ್ಟ ಗಾಡಿಯ ಮೈಮೇಲೆ ಹೋಗುವುದರಿಂದ ಮರೆತುಹೋಗುತ್ತದೆ. ಗಾಡಿ ಆರಿಸುವಾಗ ಎರಡನ್ನೂ ಎದುರು ಇಟ್ಟುಕೊಳ್ಳಬೇಕು. ಚಿಕ್ಕಮಗಳೂರು, ಹಾಸನ, ಕೊಡಗಿನ ಕಾಫಿಯವರು, ಶಿವಮೊಗ್ಗ, ಉತ್ತರ ಕನ್ನಡದ ಅಡಿಕೆಯವರು ಮನಸ್ಸಿನಲ್ಲಿದ್ದಾರೆ. ಅವರಿಗೆಂದೇ ಇದನ್ನು ಬರೆಯುತ್ತಿದ್ದೇನೆ.

ಪಿಕಪ್ ಅಂದರೆ ಯಾವ ಪಿಕಪ್?

ಮಲೆನಾಡಿನಲ್ಲಿ ನಾಲ್ಕೂ ಚಕ್ರ ಎಳೆಯುವ ಗಾಡಿಗೆಲ್ಲ ಜೀಪು ಎಂದೇ ಹೆಸರು. 1947ರಲ್ಲಿ ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರುಮಾಡಿದ ಮೇಲೆ ಬಂದು ಕೂತ ಮಾತು ಅದು. 1985ರಲ್ಲಿ ಬಂದ ಮಾರುತಿ ಜಿಪ್ಸಿಯನ್ನು ಮಾತ್ರ ಜನ ಜಿಪ್ಸಿ ಎಂದೇ ಕರೆದರು. ಈಗ ಆ ಸಾಲಿನಲ್ಲಿ ಮೂರು ಬಾಗಿಲಿನ ಥಾರ್, ಐದು ಬಾಗಿಲಿನ ಥಾರ್ ರಾಕ್ಸ್, ಮಾರುತಿ ಜಿಮ್ನಿ, ಫೋರ್ಸ್ ಗೂರ್ಖಾ ಇವೆ.

ಥಾರ್ ಎಂಬ ಹೆಸರಿದ್ದ ಮಾತ್ರಕ್ಕೆ ನಾಲ್ಕು ಚಕ್ರ ಎಳೆಯುತ್ತದೆ ಎಂದುಕೊಳ್ಳಬೇಡಿ. 2023ರಲ್ಲಿ ಬಂದ 1.5 ಲೀಟರ್ ಡೀಸೆಲ್ ಥಾರ್‌ನಲ್ಲಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಎಳೆತ. 2024ರ ರಾಕ್ಸ್‌ನಲ್ಲಿ ಫೋರ್ ವೀಲ್ ಬಂದದ್ದು ಡೀಸೆಲ್ ಗಾಡಿಗೆ ಮಾತ್ರ, ಅದರಲ್ಲೂ ಎಲ್ಲ ಮಾದರಿಗಳಿಗಿಲ್ಲ. ಕಡಿಮೆ ಬೆಲೆ ಎಂದು ಖುಷಿಪಟ್ಟು ಬುಕ್ ಮಾಡಿ, ಮಳೆಗಾಲದಲ್ಲಿ ಗೇರ್ ಲಿವರ್ ಪಕ್ಕದಲ್ಲಿ ಇರಬೇಕಾದ ಇನ್ನೊಂದು ಲಿವರ್ ಇಲ್ಲವೆಂದು ಗೊತ್ತಾದರೆ ಏನೂ ಮಾಡಲಾಗದು. ಜಿಮ್ನಿ, ಗೂರ್ಖಾಗಳಲ್ಲಿ ಈ ಗೊಂದಲವಿಲ್ಲ. ಯಾವ ಮಾದರಿ ತಂದರೂ ಫೋರ್ ವೀಲ್ ಮತ್ತು ಲೋ ರೇಂಜ್ (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರು) ಎರಡೂ ಇರುತ್ತವೆ.

ಪಿಕಪ್ ಎಂಬ ಒಂದೇ ಮಾತಿನೊಳಗೆ ಎರಡು ಬೇರೆ ಬೇರೆ ಜಾತಿಯ ಗಾಡಿಗಳಿವೆ. ಒಂದು, ದುಡಿಯುವ ಪಿಕಪ್: ಬೊಲೆರೊ ಪಿಕಪ್, ಬೊಲೆರೊ ಕ್ಯಾಂಪರ್, ಟಾಟಾ ಯೋಧಾ. ಹಳದಿ ಬೋರ್ಡು, ಒಂದು ಟನ್ ಅಥವಾ ಅದಕ್ಕಿಂತ ಹೆಚ್ಚು ಹೊರುವ ಬೆನ್ನು. ಇನ್ನೊಂದು, ಮನೆಯವರೆಲ್ಲ ಕೂತು ಹೋಗುವ ದೊಡ್ಡ ಪಿಕಪ್: ಇಸುಜು ವಿ-ಕ್ರಾಸ್, ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಹೈಲಕ್ಸ್. ಬಿಳಿ ಬೋರ್ಡು, ಬಲವಾದ ಎಂಜಿನ್, ಕಾರಿನಂಥ ಒಳಾಂಗಣ. ಬೆಲೆಯಲ್ಲಿ ಇವೆರಡರ ನಡುವೆ ಅಗಾಧ ಅಂತರವಿದೆ. ಫೋರ್ ವೀಲ್ ಇರುವ ವಿ-ಕ್ರಾಸ್ ಅಥವಾ ಹೈಲಕ್ಸ್ ಒಂದರ ದುಡ್ಡಿನಲ್ಲಿ ಎರಡು ಕ್ಯಾಂಪರ್ ಬಂದು ಇನ್ನೂ ಸ್ವಲ್ಪ ಉಳಿಯುತ್ತದೆ. ಇಷ್ಟು ದುಡ್ಡು ಕೊಟ್ಟ ಮೇಲೆ ಹೆಚ್ಚು ಭಾರ ಹೊರುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಹೊರುವುದಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಇನ್ನೂರು ಅಡಿ ಏರು

ನಮ್ಮ ತೋಟದ ದಾರಿಗಳನ್ನು ಕಡಿದ ಕಾಲದಲ್ಲಿ ಇದ್ದದ್ದು ಜೀಪು, ಎತ್ತಿನ ಗಾಡಿ, ಆಮೇಲೆ ಟ್ರ್ಯಾಕ್ಟರ್. ದಾರಿಯ ಅಗಲ, ತಿರುವು ಎಲ್ಲ ಅವುಗಳ ಅಳತೆಗೇ ಆಗಿವೆ. ಒಂದು ಕಡೆ ಧರೆ, ಇನ್ನೊಂದು ಕಡೆ ಇಳಿಜಾರು, ನಡುವೆ ಒಂದೇ ಗಾಡಿಯ ಜಾಗ. ಥಾರ್ ಮತ್ತು ಜಿಮ್ನಿಯ ಉದ್ದ 3,985 ಮಿ.ಮೀ., ಅಂದರೆ ನಾಲ್ಕು ಮೀಟರಿನ ಒಳಗೆ. ಕ್ಯಾಂಪರ್ ಐದು ಮೀಟರಿಗೆ ಹತ್ತಿರ. ವಿ-ಕ್ರಾಸ್ 5,295, ಹೈಲಕ್ಸ್ 5,325. ಹೆದ್ದಾರಿಯಲ್ಲಿ ಈ ಒಂದೂಕಾಲು ಮೀಟರ್ ಲೆಕ್ಕಕ್ಕೇ ಬರುವುದಿಲ್ಲ. ತೋಟದ ಹಿಮ್ಮುರಿ ತಿರುವಿನಲ್ಲಿ ಜೀಪು ಒಂದೇ ಸಲಕ್ಕೆ ತಿರುಗಿದರೆ, ದೊಡ್ಡ ಪಿಕಪ್ ಎರಡು ಸಲ ಹಿಂದೆ ಮುಂದೆ ಆಡಬೇಕು. ಮಳೆಯಲ್ಲಿ, ಹಿಂದಿನ ಚಕ್ರ ಅಂಚಿಗೆ ಬಂದು ನಿಂತಾಗ, ಆ ಎರಡನೇ ಸಲದ ರಿವರ್ಸ್ ಇದೆಯಲ್ಲ, ಅದರಲ್ಲೇ ಎದೆ ಬಡಿತ ಏರುವುದು.

ಉದ್ದಕ್ಕಿಂತ ಮುಖ್ಯವಾದದ್ದು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ. ಥಾರ್‌ನದು 2,450 ಮಿ.ಮೀ., ಜಿಮ್ನಿಯದು 2,590, ರಾಕ್ಸ್‌ನದು 2,850. ಪಿಕಪ್‌ಗಳೆಲ್ಲ ಮೂರು ಮೀಟರ್ ದಾಟುತ್ತವೆ. ದಾರಿಗೆ ಅಡ್ಡಲಾಗಿ ನೀರು ಹರಿಯಲು ಮಾಡಿದ ಕಟ್ಟೆ, ಕೊರಕಲು, ಉಬ್ಬು ದಾಟುವಾಗ ಈ ದೂರ ಹೆಚ್ಚಿದ್ದಷ್ಟೂ ಗಾಡಿಯ ಹೊಟ್ಟೆ ನೆಲಕ್ಕೆ ತಾಗುತ್ತದೆ. ಗ್ರೌಂಡ್ ಕ್ಲಿಯರೆನ್ಸ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಥಾರ್‌ಗೆ 226, ಜಿಮ್ನಿಗೆ 210 ಎಂದು ಬಾಯಿಪಾಠ ಹೇಳುತ್ತಾರೆ. ಚಕ್ರಗಳ ನಡುವಿನ ದೂರವನ್ನು ಕೇಳುವವರು ಕಡಿಮೆ. ಪಿಕಪ್‌ಗೆ ಇನ್ನೊಂದು ತೊಂದರೆ, ಹಿಂದಿನ ಚಕ್ರದಾಚೆ ಚಾಚಿಕೊಂಡ ಬಾಲ. ಹಳ್ಳಕ್ಕೆ ಇಳಿದು ಎದ್ದು ಹೋಗುವಾಗ ಅದು ಮಣ್ಣು ಕೆರೆಯುತ್ತದೆ.

ಇನ್ನು ಖಾಲಿ ಪಿಕಪ್ಪಿನ ಗುಣ. ನಮ್ಮ ಮನೆಯಲ್ಲಿ ಹಿಂದೆ ಎರಡು ಚಕ್ರದ ಎಳೆತದ ಪಿಕಪ್ ಇತ್ತು. ಒಂದು ಜುಲೈನಲ್ಲಿ ಪೇಟೆಯಲ್ಲಿ ಗೊಬ್ಬರ ಸಿಗದೆ ಖಾಲಿ ಗಾಡಿಯಲ್ಲಿ ವಾಪಸು ಬರುತ್ತಿದ್ದೆ. ಬೆಳಿಗ್ಗೆ ಆರಾಮಾಗಿ ಇಳಿದುಹೋದ ಏರು ಸಂಜೆಗೆ ಹತ್ತಲಿಲ್ಲ. ಹಿಂದಿನ ಚಕ್ರ ಸುತ್ತುತ್ತದೆ, ಗಾಡಿ ಅಡ್ಡ ಅಡ್ಡ ಜಾರಿ ಚರಂಡಿ ಕಡೆ ಹೋಗುತ್ತದೆ. ಪಕ್ಕದ ತೋಟದ ಟ್ರ್ಯಾಕ್ಟರ್ ಓಡಿಸುವ ಹುಡುಗ ಬಂದು ನೋಡಿ, "ಅಣ್ಣಾ, ಹಿಂದ್ಗಡೆ ತೂಕ ಇಲ್ಲ, ಅದ್ಕೇ ಹಿಡೀತಿಲ್ಲ" ಎಂದವನೇ ನಾಲ್ಕು ಮೂಟೆ ಮರಳು ತಂದು ಹಿಂದೆ ಹಾಕಿದ. ಗಾಡಿ ನಿಧಾನವಾಗಿ ಹತ್ತಿತು. ಪಿಕಪ್ಪಿನ ಎಂಜಿನ್, ಡ್ರೈವರು ಎಲ್ಲ ಮುಂದಕ್ಕೆ. ಖಾಲಿ ಇದ್ದಾಗ ಹಿಂದಿನ ಚಕ್ರದ ಮೇಲೆ ಭಾರವೇ ಇರುವುದಿಲ್ಲ. ಅದರ ಲೀಫ್ ಸ್ಪ್ರಿಂಗುಗಳನ್ನು ಮಾಡಿರುವುದು ಒಂದು ಟನ್ ಹೊರಲು, ಖಾಲಿ ಇದ್ದಾಗ ಅವು ಬಗ್ಗುವುದೂ ಇಲ್ಲ. ಹಾಗಾಗಿ ಮಳೆ ಬೀಳುವ ಊರಿನಲ್ಲಿ ಟೂ ವೀಲ್ ಪಿಕಪ್ ತೆಗೆದುಕೊಳ್ಳಬೇಡಿ ಎಂದೇ ಹೇಳುತ್ತೇನೆ. ದಾರಿ ಪೂರ್ತಿ ಕಾಂಕ್ರೀಟ್ ಆಗಿದ್ದರೆ ಬೇರೆ ಮಾತು. ಕ್ಯಾಂಪರ್‌ನಲ್ಲಿ, ಯೋಧಾದಲ್ಲಿ ಫೋರ್ ವೀಲ್ ಮಾದರಿ ಬರುತ್ತದೆ. ಷೋರೂಮಿನವರು ತಕ್ಷಣ ಸಿಗುವ ಟೂ ವೀಲ್ ತೋರಿಸುತ್ತಾರೆ. ಕಾಯಬೇಕಾದರೂ ಪರವಾಗಿಲ್ಲ, ಫೋರ್ ವೀಲನ್ನೇ ಕೇಳಿ.

ಫೋರ್ ವೀಲ್ ಜೊತೆಗೆ ಲೋ ರೇಂಜ್ ಇರಲೇಬೇಕು. ಏರು ಹತ್ತಲು ಅದು ಬೇಕು ಎಂದು ಎಲ್ಲರಿಗೂ ಗೊತ್ತು; ನನ್ನ ಅನುಭವದಲ್ಲಿ ಅದು ಹೆಚ್ಚು ಕಾಪಾಡುವುದು ಇಳಿಯುವಾಗ. ಲೋ ಹಾಕಿ ಒಂದನೇ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ. ಜಾರು ಮಣ್ಣಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಹಾಗೆಯೇ, ಡಾಂಬರು ರಸ್ತೆಗೆ ಬಂದ ಕೂಡಲೇ ಫೋರ್ ವೀಲ್ ತೆಗೆದುಬಿಡಿ. ಈ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿದಂತೆ ವ್ಯವಸ್ಥೆ ಇರುತ್ತದೆ. ಒಣ ಡಾಂಬರಿನ ತಿರುವಿನಲ್ಲಿ ಚಕ್ರಗಳಿಗೆ ಜಾರಲು ಅವಕಾಶವಿಲ್ಲದೆ ಒಳಗಿನ ಗೇರುಗಳ ಮೇಲೆ ಒತ್ತಡ ಬೀಳುತ್ತದೆ, ಟೈರು ಸವೆಯುತ್ತದೆ.

ಕೊರಕಲಿನಲ್ಲಿ ಒಂದು ಚಕ್ರ ಗಾಳಿಯಲ್ಲಿ ಎದ್ದು ನಿಂತರೆ ಶಕ್ತಿಯೆಲ್ಲ ಆ ಚಕ್ರಕ್ಕೇ ಹೋಗಿ ಸುಮ್ಮನೆ ತಿರುಗುತ್ತದೆ. ಜಿಮ್ನಿಯಲ್ಲಿ, ಥಾರ್‌ನ ಕೆಲವು ಮಾದರಿಗಳಲ್ಲಿ ಹಾಗೆ ತಿರುಗುವ ಚಕ್ರಕ್ಕೆ ತಾನಾಗಿಯೇ ಬ್ರೇಕ್ ಬಿದ್ದು ಶಕ್ತಿ ಎದುರಿನ ಚಕ್ರಕ್ಕೆ ದಾಟುತ್ತದೆ. ಗೂರ್ಖಾದಲ್ಲಿ ಎಡ, ಬಲ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಲಾಕ್ ಹಿಂದೆ, ಮುಂದೆ ಎರಡೂ ಕಡೆ ಇದೆ. ದಾರಿ ನಿಜವಾಗಿಯೂ ಹಾಳಾಗಿದ್ದರೆ, ಕೊಡಚಾದ್ರಿಯ ಜೀಪು ದಾರಿಯಂತೆ ಕಲ್ಲು ಕೊರಕಲೇ ಇದ್ದರೆ, ಗೂರ್ಖಾಕ್ಕೆ ಸಮ ಇನ್ನೊಂದಿಲ್ಲ. ಕೆಸರಿನಲ್ಲಿ ಮಾತ್ರ ನನಗೆ ಜಿಮ್ನಿಯ ಮೇಲೆ ನಂಬಿಕೆ. ಅದರ ತೂಕ ಸುಮಾರು 1,200 ಕೆಜಿ. ಎರಡು ಟನ್ ದಾಟಿದ ಹೈಲಕ್ಸ್ ಹೂತುಹೋಗುವ ಜಾಗದಲ್ಲಿ ಅದು ಮೇಲಿಂದ ಮೇಲೆ ಹೋಗಿಬಿಡುತ್ತದೆ. ಹೂತರೂ ನಾಲ್ಕು ಜನ ಸೇರಿ ಎತ್ತಿ ತಳ್ಳಬಹುದು.

ಮೂಟೆಯ ಲೆಕ್ಕ

ಈಗ ಎರಡನೇ ಪ್ರಶ್ನೆ. ಯೂರಿಯಾ ಮೂಟೆ 45 ಕೆಜಿ, ಡಿಎಪಿ 50 ಕೆಜಿ. ಕಾಫಿ ವ್ಯಾಪಾರ ನಡೆಯುವುದೂ 50 ಕೆಜಿ ಮೂಟೆಯ ಲೆಕ್ಕದಲ್ಲಿ. ಅಡಿಕೆಗೆ, ಕಾಫಿಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವ ದಿನ 200 ಲೀಟರ್ ಡ್ರಮ್ಮು ತುಂಬಿದರೆ ನೀರೇ 200 ಕೆಜಿ. ಜೊತೆಗೆ ಪಂಪು, ಪೈಪು, ಮೈಲುತುತ್ತು, ಸುಣ್ಣ. ಒಂದು ಡ್ರಮ್ಮು ಮತ್ತು ಇಬ್ಬರು ಎಂದರೆ ಜಿಮ್ನಿಯಂಥ ಗಾಡಿಗೆ ಅಲ್ಲಿಗೇ ಸಾಕು. ಹಿಂದಿನ ಸೀಟು ಮಡಚಿದರೆ ಥಾರ್‌ನಲ್ಲಿ ನಾಲ್ಕೈದು ಮೂಟೆ ಜಾಗ ಹಿಡಿಯುತ್ತದೆ. ಕ್ಯಾಂಪರ್ ಒಂದು ಟನ್, ಅಂದರೆ ಇಪ್ಪತ್ತು ಮೂಟೆ ಹೊರುತ್ತದೆ. ಅರವತ್ತು ಮೂಟೆಯನ್ನು ಕಾಫಿ ಸುಲಿದು ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಮುಟ್ಟಿಸಲು ಕ್ಯಾಂಪರ್‌ಗೆ ಮೂರು ಟ್ರಿಪ್, ಥಾರ್‌ಗೆ ಹನ್ನೆರಡು.

ದೊಡ್ಡ ಪಿಕಪ್‌ಗಳ ವಿಷಯ ಮುಂದೆ ಹೇಳುತ್ತೇನೆ ಎಂದಿದ್ದೆ. ಬಿಳಿ ಬೋರ್ಡಿನ ವಿ-ಕ್ರಾಸ್, ಹೈಲಕ್ಸ್‌ಗಳ ಮೈಕಟ್ಟು ಎಷ್ಟೇ ದೊಡ್ಡದಿರಲಿ, ಜನ ಕೂತ ಮೇಲೆ ಹಿಂದೆ ಹೊರಲು ಉಳಿಯುವ ತೂಕ ಕಾಗದದ ಮೇಲೆ ಅರ್ಧ ಟನ್ನಿಗೂ ಹೋಗುವುದಿಲ್ಲ. ಹೈಲಕ್ಸ್‌ನ 2.8 ಲೀಟರ್ ಎಂಜಿನ್ 204 ಅಶ್ವಶಕ್ತಿಯದು, ಕ್ಯಾಂಪರ್‌ನದು 75. ಆದರೂ ಮೂಟೆಯ ಲೆಕ್ಕದಲ್ಲಿ ಕ್ಯಾಂಪರ್ ಮುಂದೆ. ಷೋರೂಮಿಗೆ ಹೋದಾಗ ಗಾಡಿಯ ಒಟ್ಟು ತೂಕ ಎಷ್ಟು, ಖಾಲಿ ತೂಕ ಎಷ್ಟು ಎಂದು ಕೇಳಿ ಕಳೆಯಿರಿ. ಆರ್‌ಸಿಯಲ್ಲಿ ಎರಡೂ ಬರೆದಿರುತ್ತದೆ. ಕೂರುವ ಪ್ರತಿಯೊಬ್ಬರಿಗೆ 70 ಕೆಜಿಯಂತೆ ಇನ್ನೊಮ್ಮೆ ಕಳೆಯಿರಿ. ಉಳಿದದ್ದನ್ನು 50ರಿಂದ ಭಾಗಿಸಿದರೆ ನಿಮ್ಮ ಮೂಟೆಯ ಲೆಕ್ಕ ಸಿಗುತ್ತದೆ. ಅದಕ್ಕಿಂತ ಹೆಚ್ಚು ಹೊರಬಹುದು, ಗಾಡಿ ಮುರಿದು ಬೀಳುವುದಿಲ್ಲ, ನಿಜ. ಆದರೆ ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದು ಆ ಅಂಕಿಯನ್ನು.

ಭಾರದ ಜೊತೆಗೆ ಹೊಲಸಿನ ಮಾತೂ ಇದೆ. ಗೊಬ್ಬರದ ಮೂಟೆ ಸೋರುತ್ತದೆ, ಮೈಲುತುತ್ತಿನ ನೀರು ಬಿದ್ದ ಕಡೆ ಕಬ್ಬಿಣವನ್ನು ತಿನ್ನುತ್ತದೆ. ಪಿಕಪ್ಪಿನ ಹಿಂಭಾಗವನ್ನು ಪೈಪು ಹಿಡಿದು ತೊಳೆದರಾಯಿತು. ಥಾರ್‌ನ ಒಳಗೆ ಯೂರಿಯಾ ಸೋರಿದರೆ ಕಾರ್ಪೆಟ್ ಎತ್ತಿ ತೊಳೆದರೂ ಸೀಟಿನ ಬುಡದಲ್ಲಿ ತುಕ್ಕು ಹಿಡಿಯುವುದನ್ನು ತಪ್ಪಿಸುವುದು ಕಷ್ಟ. ಪಿಕಪ್ಪಿಗೆ ಇರುವ ಕೊರತೆ ಮಳೆ. ಶೇ 10ರ ತೇವಕ್ಕೆ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯನ್ನು (ಹಣ್ಣಿನ ಸಿಪ್ಪೆ ತೆಗೆದ ಬೀಜ) ಹೇರಿಕೊಂಡು ಹೋಗುವಾಗ ಒಂದು ಅಕಾಲ ಮಳೆ ಹೊಡೆದರೆ ಹದಿನೈದು ದಿನದ ಕಣದ ಕೆಲಸ ಹಾಳು. ಒಳ್ಳೆಯ ಟಾರ್ಪಾಲು, ಅದನ್ನು ಕಟ್ಟಲು ಕೊಕ್ಕೆಗಳಿರುವ ಬಾಡಿ, ಸಾಧ್ಯವಾದರೆ ಕಬ್ಬಿಣದ ಕಮಾನಿನ ಚೌಕಟ್ಟು, ಇಷ್ಟನ್ನು ಗಾಡಿಯ ಬೆಲೆಯೊಳಗೇ ಸೇರಿಸಿಕೊಳ್ಳಿ.

ಆದರೂ ಒಂದು ಮಾತು. ಭಾರದ ದಿನಗಳು ವರ್ಷಕ್ಕೆ ಹತ್ತು ಹದಿನೈದೇ ಆಗಿದ್ದರೆ, ಊರಿನಲ್ಲಿ ಬಾಡಿಗೆ ಪಿಕಪ್ ಸಿಗುವಂತಿದ್ದರೆ, ಆ ಹದಿನೈದು ದಿನಕ್ಕಾಗಿ ಉಳಿದ ಮುನ್ನೂರೈವತ್ತು ದಿನ ಖಾಲಿ ಪಿಕಪ್ಪಿನ ಕುಲುಕಾಟ ಅನುಭವಿಸಬೇಕಿಲ್ಲ. ಗೊಬ್ಬರ, ಒಣ ಕಾಫಿ, ಸುಲಿದ ಅಡಿಕೆ ಇವೆಲ್ಲ ಎರಡು ದಿನ ಕಾಯುತ್ತವೆ. ಕಾಯದೇ ಇರುವುದು ಹಣ್ಣು. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಇಟ್ಟುಕೊಂಡವರು ಕುಯ್ದ ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು. ಆ ವಾರದಲ್ಲಿ ಊರಿನ ಎಲ್ಲರಿಗೂ ಬಾಡಿಗೆ ಗಾಡಿ ಬೇಕು, ಯಾರಿಗೂ ಸಿಗುವುದಿಲ್ಲ. ತೋಟದೊಳಗೆ ಟ್ರ್ಯಾಕ್ಟರ್ ಇಲ್ಲದೆ ಪಲ್ಪರ್ ಇದ್ದರೆ ಪಿಕಪ್ ಬೇಕೇ ಬೇಕು.

ಹಿಂದೆ ಕೂತವರು

ಪಿಕಪ್ ತೆಗೆದುಕೊಳ್ಳುವವರಲ್ಲಿ ಬಹಳ ಜನ ಬಾಯಿಬಿಟ್ಟು ಹೇಳದ ಒಂದು ಲೆಕ್ಕವಿದೆ. ಬೆಳಿಗ್ಗೆ ಆಳುಗಳನ್ನು ಊರಿನಿಂದ ತೋಟಕ್ಕೆ ಕರೆತರಬೇಕು, ಸಂಜೆ ಬಿಟ್ಟುಬರಬೇಕು. ಪಿಕಪ್ಪಿನ ಹಿಂದೆ ಹದಿನೈದು ಜನ ನಿಂತು ಬರುವುದನ್ನು ನಾವು ದಿನಾ ನೋಡುತ್ತೇವೆ, ನೋಡಿ ನೋಡಿ ಅಭ್ಯಾಸವಾಗಿದೆ. ಹೆಂಗಸರು ಬುತ್ತಿ ಚೀಲ ಹಿಡಿದುಕೊಂಡು ಒಬ್ಬರನ್ನೊಬ್ಬರು ಆತುಕೊಂಡಿರುತ್ತಾರೆ. ಗಾಡಿ ಒಮ್ಮೆ ಮಗುಚಿದರೆ ಅವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಕಾನೂನು ಇದನ್ನು ಒಪ್ಪುವುದಿಲ್ಲ. ಸರಕು ಗಾಡಿಯಲ್ಲಿ ಹಾಗೆ ಹತ್ತಿಸಿಕೊಂಡ ಜನರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿ ಗಾಡಿಯಲ್ಲಿದ್ದರೆ ಅವರ ವಿಷಯ ಬೇರೆ. ಹಾಗಾಗಿ ಜೀವ ಹೋದರೆ ಆ ಮನೆಗೆ ವಿಮೆಯ ದುಡ್ಡು ಖಾತರಿಯಿಲ್ಲ, ನಿಮ್ಮ ಆಸ್ತಿಯ ಮೇಲೆ ಕೋರ್ಟಿನ ಆದೇಶ ಬರಬಹುದು. ನನಗೆ ಕೋರ್ಟಿನ ಮಾತಿಗಿಂತ ಮೊದಲಿನದೇ ಹೆಚ್ಚು ಭಾರವಾಗಿ ಕಾಣುತ್ತದೆ. ನಮ್ಮ ತೋಟದಲ್ಲಿ ಮೂವತ್ತು ವರ್ಷ ದುಡಿದವರ ಮನೆಗೆ ಬರಿಗೈಯಲ್ಲಿ ಹೋಗಿ ನಿಲ್ಲುವ ದಿನ ಯಾರಿಗೂ ಬರಬಾರದು.

ಇದು ಆಯ್ಕೆಗೂ ಸಂಬಂಧಿಸಿದ ಮಾತು. ಜನರನ್ನು ಕರೆತರುವುದೇ ಮುಖ್ಯ ಕೆಲಸವಾದರೆ ಎರಡು ಸಾಲು ಸೀಟಿರುವ ಕ್ಯಾಂಪರ್‌ನಂಥ ಗಾಡಿ ತೆಗೆದುಕೊಂಡು ಸೀಟಿನಲ್ಲಿ ಹಿಡಿಯುವಷ್ಟೇ ಜನರನ್ನು ಎರಡು ಮೂರು ಟ್ರಿಪ್ಪಿನಲ್ಲಿ ತನ್ನಿ. ಇಲ್ಲವೇ ಪರ್ಮಿಟ್ ಇರುವ ಪ್ರಯಾಣಿಕರ ಗಾಡಿಯನ್ನು ಬಾಡಿಗೆಗೆ ಮಾತಾಡಿ. ಸಿಂಗಲ್ ಕ್ಯಾಬಿನ್ ಪಿಕಪ್ ತಂದರೆ, ಕೊಯ್ಲಿನ ಗಡಿಬಿಡಿಯಲ್ಲಿ ಹಿಂದೆ ಹತ್ತಿಸದೆ ಇರಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಗುತ್ತದೆ.

ಬಿಳಿ ಬೋರ್ಡು, ಹಳದಿ ಬೋರ್ಡು

ಕಾಗದದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಬಿಳಿ ಬೋರ್ಡಿನ ಗಾಡಿಗೆ ಕರ್ನಾಟಕದಲ್ಲಿ ಒಂದೇ ಸಲ ಜೀವಾವಧಿ ತೆರಿಗೆ. ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ ಶೇ 17, ಅದರ ಮೇಲೆ ಶೇ 18, ಆ ತೆರಿಗೆಯ ಮೇಲೆ ಸೆಸ್. ಆಮೇಲೆ 15 ವರ್ಷ ಆರ್‌ಟಿಒ ಕಡೆ ಮುಖ ಮಾಡಬೇಕಿಲ್ಲ. ಹಳದಿ ಬೋರ್ಡಿಗೆ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ, ಕಡ್ಡಾಯ. ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎಫ್‌ಸಿ ತಪ್ಪಿದ ಗಾಡಿಗೆ ವಿಮೆ ಕೇಳುವುದು ಕಷ್ಟ, ಆದ್ದರಿಂದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿಡಿ.

ಹಳದಿ ಬೋರ್ಡು ಎಂದರೆ ಬ್ಯಾಡ್ಜ್ ಬೇಕು, ಪರ್ಮಿಟ್ ಬೇಕು ಎಂದು ಹೆದರುವವರಿದ್ದಾರೆ. ಒಟ್ಟು ತೂಕ 3,000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಾಗಿಲ್ಲ. ಲೈಸೆನ್ಸಿನ ಗೊಂದಲವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಬಗೆಹರಿಸಿದೆ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಸಾರಿಗೆ ವಾಹನ ಓಡಿಸಬಹುದು.

ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಬದಲಾಗಿದೆ. ಸರಕು ಗಾಡಿಗೆ ಶೇ 28 ಇದ್ದದ್ದು ಶೇ 18ಕ್ಕೆ ಇಳಿಯಿತು. ಕಾರುಗಳಲ್ಲಿ ನಾಲ್ಕು ಮೀಟರಿನೊಳಗಿದ್ದು, ಡೀಸೆಲ್ 1,500 ಸಿಸಿ ಅಥವಾ ಪೆಟ್ರೋಲ್ 1,200 ಸಿಸಿ ಮೀರದಿದ್ದರೆ ಶೇ 18. ಉಳಿದವಕ್ಕೆ ಶೇ 40. ಟೂ ವೀಲ್ ಥಾರ್ ಅಗ್ಗವಾಗಿ ಕಾಣಲು ಇದೂ ಒಂದು ಕಾರಣ. 2.2 ಲೀಟರ್ ಡೀಸೆಲ್ಲಿನ ಫೋರ್ ವೀಲ್ ಥಾರ್, 1.5 ಲೀಟರ್ ಪೆಟ್ರೋಲಿನ ಜಿಮ್ನಿ ಎರಡೂ ಶೇ 40ರ ಸಾಲಿಗೆ ಬೀಳುತ್ತವೆ.

ಅಮ್ಮ ಹತ್ತಲು ಸಾಧ್ಯವೇ?

ತೋಟದ ಮನೆಯ ಗಾಡಿ ತೋಟಕ್ಕೆ ಮಾತ್ರ ಅಲ್ಲ. ಮದುವೆಗೆ, ಪೇಟೆಗೆ, ಮಗಳ ಹಾಸ್ಟೆಲ್ಲಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಆಸ್ಪತ್ರೆಗೆ ಅದೇ. ಮೂರು ಬಾಗಿಲಿನ ಥಾರ್‌ನ ಹಿಂದಿನ ಸೀಟಿಗೆ ಹೋಗಲು ಮುಂದಿನ ಸೀಟು ಬಗ್ಗಿಸಿ, ಕಾಲೆತ್ತಿ, ತಲೆ ತಗ್ಗಿಸಿ ನುಗ್ಗಬೇಕು. ಮಂಡಿನೋವಿನ ಅಮ್ಮನಿಗೆ ಅದು ಆಗುವ ಕೆಲಸವಲ್ಲ. ಮುಂದೆ ಕೂರಿಸಬಹುದು, ಸರಿ. ಆದರೆ ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಮಲಗಿಸಿಕೊಂಡು, ಪಕ್ಕದಲ್ಲೊಬ್ಬರು ಹಿಡಿದು ಕೂತು ಚಾರ್ಮಾಡಿಯೋ ಶಿರಾಡಿಯೋ ಇಳಿಯಬೇಕು. ಅದಕ್ಕೆ ಉದ್ದದ ಹಿಂದಿನ ಸೀಟು ಬೇಕು. ರಾಕ್ಸ್ ಆ ಕೊರತೆ ತುಂಬಿದೆ, ವಿ-ಕ್ರಾಸ್ ಮತ್ತು ಹೈಲಕ್ಸ್‌ನಲ್ಲೂ ಆರಾಮ. ಜಿಮ್ನಿಗೆ ಐದು ಬಾಗಿಲಿದ್ದರೂ ಹಿಂದೆ ಇಬ್ಬರೇ.

ಸುರಕ್ಷತೆಯಲ್ಲಿ ದುಡಿಯುವ ಪಿಕಪ್ ಹಿಂದೆ ಬೀಳುತ್ತದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕಾರುಗಳಿಗೆ 2022ರಿಂದ ಮುಂದಿನ ಎರಡೂ ಏರ್‌ಬ್ಯಾಗ್ ಕಡ್ಡಾಯ. ಸರಕು ಗಾಡಿಗೆ ಆ ನಿಯಮ ಬಂದಿಲ್ಲ. ಥಾರ್‌ಗೆ 2020ರ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ, ರಾಕ್ಸ್‌ಗೆ 2024ರಲ್ಲಿ ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ನಕ್ಷತ್ರ ಬಂದಿವೆ. ತಿಂಗಳಿಗೆ ಎರಡು ಮೂರು ಸಲ ಬೆಂಗಳೂರು, ಮಂಗಳೂರು ಅಂತ ಹೆದ್ದಾರಿಯಲ್ಲಿ ಓಡಾಡುವವರು ಕ್ಯಾಂಪರನ್ನೇ ಮನೆಯ ಏಕೈಕ ಗಾಡಿ ಮಾಡಿಕೊಳ್ಳಬಾರದು.

ಹಾಗಾದರೆ ಯಾರಿಗೆ ಯಾವುದು

ನಾಲ್ಕೈದು ಎಕರೆ ಅಡಿಕೆ, ಮನೆಯವರೆಗೂ ಕೆಟ್ಟ ದಾರಿ, ಭಾರದ ದಿನ ಕಡಿಮೆ: ಜಿಮ್ನಿ. ಹಳೆಯ ಜಿಪ್ಸಿ ಚೆನ್ನಾಗಿರುವುದು ಸಿಕ್ಕರೆ ಅದೂ ಆಗುತ್ತದೆ.

ಹತ್ತು ಎಕರೆಯಿಂದ ಮೇಲೆ ಕಾಫಿ, ಸ್ವಂತ ಪಲ್ಪರ್, ಪೇಟೆ ಓಡಾಟಕ್ಕೆ ಮನೆಯಲ್ಲಿ ಆಗಲೇ ಒಂದು ಕಾರು ಇದೆ ಎಂದರೆ ಯೋಚಿಸುವುದೇ ಬೇಡ, ಫೋರ್ ವೀಲ್ ಕ್ಯಾಂಪರ್ ಅಥವಾ ಯೋಧಾ. ನೋಡಲು ಚೆಂದವಿಲ್ಲ, ಖಾಲಿ ಇದ್ದಾಗ ಬೆನ್ನು ನೋಯಿಸುತ್ತದೆ, ಆದರೆ ಮೂಡಿಗೆರೆಯಲ್ಲೋ ಸೋಮವಾರಪೇಟೆಯಲ್ಲೋ ಯಾವ ಗ್ಯಾರೇಜಿಗೆ ಹೋದರೂ ಅದರ ಸಾಮಾನು ಸಿಗುತ್ತದೆ. ಕೊಯ್ಲಿನ ಮಧ್ಯೆ ಬಿಡಿಭಾಗಕ್ಕಾಗಿ ಒಂದು ವಾರ ಕಾಯುವುದು ಎಷ್ಟು ದುಬಾರಿ ಎಂದು ಕಾದವರಿಗೆ ಗೊತ್ತು.

ಒಂದೇ ಗಾಡಿ ಇಟ್ಟುಕೊಳ್ಳುವವರು, ಮನೆ ತುಂಬ ಜನ, ದಾರಿ ಕೆಟ್ಟದ್ದು, ಮೂಟೆ ಐದಾರರ ಒಳಗೆ: ಡೀಸೆಲ್ ರಾಕ್ಸ್, ಫೋರ್ ವೀಲ್ ಮಾದರಿ. ಮೂರು ಬಾಗಿಲಿನ ಥಾರ್ ಅನ್ನು ನಾನು ಸೂಚಿಸುವುದು ಮನೆಯಲ್ಲಿ ಇನ್ನೊಂದು ಗಾಡಿ ಇದ್ದು, ತಿರುವುಗಳು ತೀರಾ ಇಕ್ಕಟ್ಟಾಗಿ ರಾಕ್ಸ್ ತಿರುಗದು ಎಂದಾಗ ಮಾತ್ರ.

ವಿ-ಕ್ರಾಸ್, ಹೈಲಕ್ಸ್ ಒಳ್ಳೆಯ ಗಾಡಿಗಳು. ಹೋಂಸ್ಟೇ ನಡೆಸುವವರಿಗೆ, ಎರಡು ಮೂರು ಕಡೆ ತೋಟ ಇಟ್ಟುಕೊಂಡು ವಾರಕ್ಕೆ ನಾನೂರು ಐನೂರು ಕಿ.ಮೀ. ಓಡುವವರಿಗೆ, ನಾಯಿ, ಜನರೇಟರು, ಪೈಪು, ಸಾಮಾನು ಎಲ್ಲ ಹಾಕಿಕೊಂಡು ಹೆದ್ದಾರಿಯಲ್ಲಿ ಹಾಯಾಗಿ ಹೋಗಬೇಕಾದವರಿಗೆ ಅವಕ್ಕೆ ಸರಿಸಾಟಿ ಇಲ್ಲ. ಆದರೆ ಮೂಟೆ ಹೊರಲು ಎಂದು ತೆಗೆದುಕೊಂಡರೆ ಆ ದುಡ್ಡಿಗೆ ತಕ್ಕ ಕೆಲಸ ಸಿಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಜೀಪು ನೋಡುವವರು ಬಣ್ಣಕ್ಕೆ ಮರುಳಾಗದೆ ಗಾಡಿಯ ಕೆಳಗೆ ಮಲಗಿ ಚಾಸಿಸ್ ನೋಡಿ. ನಮ್ಮ ಮಳೆಯಲ್ಲಿ ತುಕ್ಕು ಒಳಗಿನಿಂದ ತಿನ್ನುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಕಬ್ಬಿಣದ ಸದ್ದೇ ಬೇರೆ, ಟೊಳ್ಳಿನ ಸದ್ದೇ ಬೇರೆ. ಫೋರ್ ವೀಲ್ ಹಾಕಿ ಮಣ್ಣಿನ ಮೇಲೆ ಓಡಿಸಿ, ಮುಂದಿನ ಚಕ್ರ ನಿಜವಾಗಿ ಎಳೆಯುತ್ತದೆಯೇ ಎಂದು ಹೊರಗೆ ನಿಂತವರು ನೋಡಲಿ. ಮೇಲ್ಛಾವಣಿ ಕತ್ತರಿಸಿದ, ಎಂಜಿನ್ ಬದಲಿಸಿದ ಗಾಡಿಗಳು ಬಹಳ ಇವೆ. ಆರ್‌ಸಿಯಲ್ಲಿ ಇರುವುದಕ್ಕೂ ಎದುರು ನಿಂತಿರುವುದಕ್ಕೂ ಹೊಂದದಿದ್ದರೆ ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ಬೇಡ.

ಭಾವ ಆಮೇಲೆ ಏನು ಮಾಡಿದರು ಎಂದರೆ, ತೋಟದ ರೈಟರಿಗೆ ಹೇಳಿ ಒಂದು ಕೊಯ್ಲು ಪೂರ್ತಿ ದಿನದ ಮೂಟೆ ಬರೆಸಿದರು. ಹದಿನೆಂಟು ಇಪ್ಪತ್ತು ಮೂಟೆಯ ದಿನಗಳು ಅವರು ಅಂದುಕೊಂಡಿದ್ದಕ್ಕಿಂತ ಬಹಳ ಹೆಚ್ಚಿದ್ದವು. ಅಕ್ಕನೂ, "ಪೇಟೆಗೆ ಹೋಗೋಕೆ ಈಗಿರೋ ಕಾರೇ ಸಾಕು, ಅದನ್ನ ಮಾರಬೇಡಿ" ಎಂದಳು. ಫೋರ್ ವೀಲ್ ಕ್ಯಾಂಪರ್ ಬಂತು. ಬುಕ್ ಮಾಡುವ ಮೊದಲು ಅಂಥದ್ದೇ ಗಾಡಿ ಇರುವ ನೆಂಟರೊಬ್ಬರನ್ನು ಜುಲೈನಲ್ಲಿ ಕರೆಸಿ, ಹಳ್ಳ ದಾಟಿದ ಆ ಏರಿನಲ್ಲಿ ಖಾಲಿ ಒಂದು ಸಲ, ಮೂಟೆ ಹಾಕಿ ಒಂದು ಸಲ ಹತ್ತಿಸಿ ನೋಡಿದ್ದರು.

ನೀವೂ ಹಾಗೆ ಮಾಡಿ. ಷೋರೂಮಿನ ಟೆಸ್ಟ್ ಡ್ರೈವ್ ಡಾಂಬರಿನ ಮೇಲೆ ಎರಡು ಕಿ.ಮೀ. ಓಡಿಸಿ ಮುಗಿಯುತ್ತದೆ. ಗೇಟಿನ ಅಗಲ, ಷೆಡ್ಡಿನ ಉದ್ದ, ಅತಿ ಇಕ್ಕಟ್ಟಿನ ತಿರುವು ಮೂರನ್ನೂ ಟೇಪು ಹಿಡಿದು ಅಳೆದು ಬರೆದಿಟ್ಟುಕೊಳ್ಳಿ. ಕಂಪನಿಯಿಂದ ಬರುವ ಟೈರು ಸಾಮಾನ್ಯವಾಗಿ ಹೆದ್ದಾರಿಗೆ ಮಾಡಿದ್ದು, ಮೊದಲ ಮಳೆಗಾಲಕ್ಕೆ ಮುಂಚೆಯೇ ಕೆಸರು ಹಿಡಿಯುವ ಟೈರಿಗೆ ದುಡ್ಡು ಎತ್ತಿಡಿ. ಗಾಡಿ ಮನೆಗೆ ಬಂದ ದಿನವೇ ಎಳೆಯುವ ಕೊಕ್ಕೆ ಎಲ್ಲಿದೆ, ಜಾಕ್ ಎಲ್ಲಿದೆ ಎಂದು ನೋಡಿ, ಸೀಟಿನ ಹಿಂದೆ ಒಂದು ಗಟ್ಟಿ ಹಗ್ಗ, ಒಂದು ಹಾರೆ, ಟಾರ್ಚು ಇಟ್ಟುಬಿಡಿ. ಕತ್ತಲಲ್ಲಿ ಮಳೆ ಸುರಿಯುವಾಗ ಚರಂಡಿಯಲ್ಲಿ ಬಗ್ಗಿ ಕೊಕ್ಕೆ ಹುಡುಕುತ್ತಾ ಕೂತರೆ ಗಾಡಿ ಮೇಲೆ ಬರುವಷ್ಟರಲ್ಲಿ ಎರಡೂ ಕಾಲಿಗೆ ಇಂಬಳ ಹತ್ತಿರುತ್ತದೆ.